ಹಾವು ಇಲಿ ಮುಟ್ಟುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಡಾಕ್ಟ್ರೇ, ನನ್ನ ಮಗ ಬೆಂಗಳೂರಿನಲ್ಲಿ ಒಂದು ಬಾಲ್ ಪೈಥಾನ್ (ವಿದೇಶಿ ಹೆಬ್ಬಾವು) ಸಾಕಿದ್ದ. ಕೆಲಸದ ಮೇಲೆ ಹೊರದೇಶಕ್ಕೆ ಹೋಗಬೇಕಾಯಿತು ಅಂತ ದೀಪಾವಳಿಗೆ ಬಂದವನು ಅದನ್ನು ನಮ್ಮಲ್ಲೇ ಬಿಟ್ಟುಹೋದ. ಗಂಡು, ಮೂರು ವರ್ಷದ್ದು. ಅಲ್ಲಿ ಚೆನ್ನಾಗಿ ಇಲಿ ನುಂಗುತ್ತಿತ್ತಂತೆ. ಇಲ್ಲಿ ಒಂದನ್ನೂ ಮುಟ್ಟಿಲ್ಲ. ದಿನಾ ಕೊಟ್ಟು ನೋಡುತ್ತೇನೆ. ಅಮ್ಮ ಹಾಲೂ ಇಟ್ಟರು. ಈಗ ಅಡಿಕೆ ಕೊಯ್ಲಿನ ಸಮಯ, ಪೆಟ್ಟಿಗೆ ಜಗಲಿಯಲ್ಲಿದೆ. ಚಳಿಗೆ ಬಚ್ಚಲ ಒಲೆ ಹತ್ತಿರ ಇಡಲೇ? ಬಾಯಿ ಬಿಡಿಸಿ ತಿನ್ನಿಸಲೇ? ತೋಟದ ಇಲಿ ಕೊಡಬಹುದೇ?
— ಹೆಸರು ಬೇಡ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮೊದಲು ಬಾಯಿ ಬಿಡಿಸುವ ಯೋಚನೆ ಬಿಡಿ. ಹಲ್ಲು ಮುರಿದು, ಬಾಯಿ ಹುಣ್ಣಾಗಿ, ಆಮೇಲೆ ಹಸಿವಾದರೂ ತಿನ್ನಲಾಗದ ಸ್ಥಿತಿ ಬರುತ್ತದೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದ ಮಾತು ಇಲಿಯಲ್ಲ, ಜಗಲಿ. ಕೊಯ್ಲಿನ ದಿನಗಳಲ್ಲಿ ಮಲೆನಾಡಿನ ಜಗಲಿ ಹೇಗಿರುತ್ತದೆ ಅಂತ ನನಗೆ ಗೊತ್ತು. ಸಂಜೆಯಾದರೆ ಮೆಟ್ಟುಗತ್ತಿ ಹಾಕಿಕೊಂಡು ಸುಲಿಯುವವರು ಸಾಲಾಗಿ ಕೂರುತ್ತಾರೆ. ದೊಡ್ಡ ಬಲ್ಬು, ಮಾತು, ನಗು, ಮಧ್ಯರಾತ್ರಿವರೆಗೆ ಓಡಾಟ. ಬಂದವರೆಲ್ಲ ಒಮ್ಮೆ ಪೆಟ್ಟಿಗೆ ಬಗ್ಗಿ ನೋಡದೇ ಇರುತ್ತಾರೆಯೇ? ಬಾಲ್ ಪೈಥಾನ್ ರಾತ್ರಿ ಬೇಟೆಯಾಡುವ ಹಾವು. ಅದರ ಊಟದ ಹೊತ್ತಿಗೇ ನಿಮ್ಮ ಜಗಲಿಯಲ್ಲಿ ಸಂತೆ. ನೆಲದ ಅದುರು ಅದರ ಮೈಗೆಲ್ಲ ತಿಳಿಯುತ್ತದೆ. ಹೆದರಿದ ಹಾವು ತಿನ್ನುವುದಿಲ್ಲ.

ಇದರ ಊರು ಪಶ್ಚಿಮ ಮತ್ತು ಮಧ್ಯ ಆಫ್ರಿಕಾ. ಘಾನಾ, ಟೋಗೊ, ಬೆನಿನ್ ಕಡೆ ಇಲಿ ಬಿಲ, ಗೆದ್ದಲು ಹುತ್ತದೊಳಗೆ ಹಗಲೆಲ್ಲ ಸುರುಳಿ ಸುತ್ತಿ ಮಲಗುತ್ತದೆ. ಹಾಗಾಗಿ ಪೆಟ್ಟಿಗೆಯನ್ನು ಜನ ಹೋಗದ ಒಳಕೋಣೆಗೆ ಒಯ್ಯಿರಿ. ಮೂರು ಬದಿಗೆ ಬಟ್ಟೆ ಇಳಿಬಿಡಿ. ಒಳಗೆ ಅಡಗಲು ಎರಡು ಜಾಗ ಬೇಕು, ಒಂದು ಬೆಚ್ಚಗಿನ ತುದಿಯಲ್ಲಿ, ಒಂದು ತಂಪಿನ ತುದಿಯಲ್ಲಿ. ಬಾಯಿ ಕತ್ತರಿಸಿದ ಮಣ್ಣಿನ ಮಡಕೆ ಬೋರಲು ಹಾಕಿದರೂ ಸಾಕು. ಅಂಚು ಮಾತ್ರ ಚೂಪಾಗಿರಬಾರದು. ಮೈ ಗೋಡೆಗೆ ತಾಗುವಷ್ಟು ಇಕ್ಕಟ್ಟಾಗಿದ್ದರೆ ಅದಕ್ಕೆ ಧೈರ್ಯ.

ಇನ್ನು ಚಳಿ. ಬೆಚ್ಚಗಿನ ತುದಿ 31ರಿಂದ 33 ಡಿಗ್ರಿ, ತಂಪಿನ ತುದಿ 25ರಿಂದ 27 ಇರಬೇಕು. ಡಿಸೆಂಬರ್ ರಾತ್ರಿಯ ಹಂಚಿನ ಮನೆಯಲ್ಲಿ ಅದೆಲ್ಲಿಂದ ಬರಬೇಕು? ಹಾವಿಗೆ ಹೊರಗಿನ ಶಾಖ ಇಲ್ಲದೆ ಜೀರ್ಣವೇ ಆಗುವುದಿಲ್ಲ. ನುಂಗಿದ್ದು ಹೊಟ್ಟೆಯಲ್ಲೇ ಕೊಳೆಯುತ್ತದೆ, ಇಲ್ಲವೇ ವಾಪಸ್ ಕಕ್ಕುತ್ತದೆ. ಚಳಿಯಲ್ಲಿ ಊಟ ಬೇಡ ಅಂದಿದ್ದರೆ ಅದು ಹಾವಿನ ಬುದ್ಧಿವಂತಿಕೆ. ಆದರೆ ಬಚ್ಚಲ ಒಲೆ ಬೇಡ. ಹೊಗೆ ಅದರ ಶ್ವಾಸಕೋಶಕ್ಕೆ ಕೆಟ್ಟದ್ದು, ಉರಿಯ ಲೆಕ್ಕವೂ ಸಿಗುವುದಿಲ್ಲ. ಅಡಿಕೆ ಬೇಯಿಸುವ ಒಲೆಯಿಂದಲೂ ದೂರ ಇಡಿ. ಪೆಟ್ಟಿಗೆಯ ಅಡಿಗೆ ಹಾಕುವ ಹೀಟ್ ಮ್ಯಾಟ್ ಸಿಗುತ್ತದೆ, ಜೊತೆಗೆ ಶಾಖವನ್ನು ಮಿತಿಯಲ್ಲಿಡುವ ಥರ್ಮೋಸ್ಟಾಟ್ ಇರಲೇಬೇಕು. ಥರ್ಮೋಸ್ಟಾಟ್ ಇಲ್ಲದ ಮ್ಯಾಟಿನ ಮೇಲೆ ಹೊಟ್ಟೆ ಸುಟ್ಟುಕೊಂಡರೂ ಹಾವು ಅಲ್ಲಿಂದ ಏಳದೇ ಇರಬಹುದು. ಕರೆಂಟಿನ ಕಥೆ ನಿಮಗೇ ಗೊತ್ತು, ಯುಪಿಎಸ್‌ಗೆ ಜೋಡಿಸಿ.

ದಿನಾ ಇಲಿ ಕೊಡುವುದನ್ನು ಇವತ್ತೇ ನಿಲ್ಲಿಸಿ. ಜಾಗ, ಶಾಖ ಸರಿಯಾದ ಮೇಲೆ ಒಂದು ವಾರ ಸುಮ್ನೆ ಬಿಡಿ. ಎತ್ತಬೇಡಿ, ಮುಟ್ಟಬೇಡಿ, ನೀರು ಮಾತ್ರ ಬದಲಾಯಿಸಿ. ಆಮೇಲೆ ಹತ್ತು-ಹದಿನೈದು ದಿನಕ್ಕೊಮ್ಮೆ, ರಾತ್ರಿ ದೀಪ ಆರಿಸಿ ಕೊಡಿ. ಹಾವಿನ ಮೈ ಅತಿ ದಪ್ಪ ಇರುವಲ್ಲಿ ಎಷ್ಟಿದೆಯೋ ಇಲಿಯೂ ಅಷ್ಟೇ ದಪ್ಪ ಇದ್ದರೆ ಸಾಕು. ಫ್ರೀಜರ್‌ನದಾದರೆ ಪೂರ್ತಿ ಕರಗಿಸಿ, ಬಿಸಿನೀರಿನಲ್ಲಿಟ್ಟು ಮೈ ಬೆಚ್ಚಗೆ ಮಾಡಿ. ಅದರ ತುಟಿಯ ಮೇಲಿನ ಸಣ್ಣ ಗುಳಿಗಳು ಶಾಖ ಹಿಡಿಯುತ್ತವೆ. ತಣ್ಣಗಿನ ಇಲಿ ಅದಕ್ಕೆ ಊಟದಂತೆ ಕಾಣುವುದೇ ಇಲ್ಲ. ಜೀವಂತ ಇಲಿಯನ್ನು ಪೆಟ್ಟಿಗೆಯಲ್ಲಿ ಬಿಟ್ಟು ಮಲಗಬೇಡಿ, ಅದೇ ಹಾವನ್ನು ಕಚ್ಚಿ ಹಾಕುತ್ತದೆ. ತೋಟದ ಇಲಿಯಂತೂ ಬೇಡವೇ ಬೇಡ. ಹೊಟ್ಟೆಯಲ್ಲಿ ಹುಳ, ಪಕ್ಕದ ಮನೆಯವರು ಇಟ್ಟ ಪಾಷಾಣ ಎಲ್ಲ ಅದರೊಂದಿಗೇ ಬರುತ್ತವೆ.

ಇಷ್ಟಾದರೂ ತಿನ್ನದಿದ್ದರೆ? ಗಂಡು ಬಾಲ್ ಪೈಥಾನ್ ಬೆದೆಯ ಕಾಲದಲ್ಲಿ ತಿಂಗಳುಗಟ್ಟಲೆ ಊಟ ಬಿಡುವುದುಂಟು. ಕಣ್ಣು ನೀಲಿ ಬೂದು ಬಣ್ಣಕ್ಕೆ ತಿರುಗಿದ್ದರೆ ಪೊರೆ ಬಿಡುವ ಸಮಯ, ಆಗಲೂ ತಿನ್ನುವುದಿಲ್ಲ. ನಮ್ಮ ಕಾಡಿನ ಹೆಬ್ಬಾವಿನ ತಾಯಿಯೂ ಮೊಟ್ಟೆ ಸುತ್ತಿಕೊಂಡು ಸುಮಾರು ಎರಡು ತಿಂಗಳು ಉಪವಾಸ ಕೂರುತ್ತದೆ. ನೀವು ನೋಡಬೇಕಾದ್ದು ತೂಕ. ವಾರಕ್ಕೊಮ್ಮೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ, ಮುಚ್ಚಳದ ಡಬ್ಬಿಯಲ್ಲಿಟ್ಟು ತೂಗಿ ಬರೆದಿಡಿ. (ಅಡಿಕೆ ತೂಗುವ ತಕ್ಕಡಿ ಬೇಡ, ಅದಕ್ಕೆ ಹತ್ತು ಗ್ರಾಂ ಲೆಕ್ಕವೇ ಅಲ್ಲ.) 1,200 ಗ್ರಾಂ ಇದ್ದದ್ದು 1,080ಕ್ಕೆ ಇಳಿದರೆ, ಅಂದರೆ ಹತ್ತರಲ್ಲಿ ಒಂದು ಪಾಲು ಹೋದರೆ, ವೈದ್ಯರಿಗೆ ತೋರಿಸಿ. ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ, ಒಸಡಿನಲ್ಲಿ ಕೀವು ಕಂಡರೆ ತೂಕಕ್ಕೆ ಕಾಯಬೇಡಿ. ಎಲ್ಲ ಪಶುವೈದ್ಯರೂ ಹಾವು ಮುಟ್ಟುವುದಿಲ್ಲ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಮೊದಲು ಫೋನ್ ಮಾಡಿ ಕೇಳಿಕೊಂಡು ಹೋಗಿ.

ಮಗನಿಗೆ ಒಂದು ಮಾತು ಕೇಳಿ: ನೋಂದಣಿ ಆಗಿದೆಯೇ? 2024ರ ನಿಯಮದಂತೆ ಇಂಥ ವಿದೇಶಿ ಹಾವನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ದಾಖಲಿಸಬೇಕು.

ಪ್ರಶ್ನೆ: ಕೊಟ್ಟಿಗೆಯಲ್ಲಿ ಕೇರೆ ಹಾವಿನ ಮರಿ ಸಿಕ್ಕಿತು. ಬಕೆಟ್‌ನಲ್ಲಿಟ್ಟಿದ್ದೇವೆ. ಹಾಲು ಕುಡಿಯುತ್ತಿಲ್ಲ.
— ಓದುಗರೊಬ್ಬರು, ಸಾಗರ

ಉತ್ತರ: ಕುಡಿಯದಿದ್ದದ್ದೇ ಒಳ್ಳೆಯದಾಯಿತು. ಬಾಯಾರಿ ಬಳಲಿದ ಹಾವು ಸಿಕ್ಕಿದ್ದನ್ನು ಕುಡಿಯುತ್ತದೆ, ಅದಕ್ಕೆ ಹಾಲು ಜೀರ್ಣವಾಗುವುದಿಲ್ಲ. ಮೇಲಿನ ಪತ್ರದ ಅಜ್ಜಿಗೂ ಇದೇ ಉತ್ತರ. ನಮ್ಮ ನಾಡಿನ ಹಾವನ್ನು ಸಾಕುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಒಪ್ಪುವುದಿಲ್ಲ. ಅದು ಕೇರೆಯೇ ಅಂತ ಅಷ್ಟು ಖಚಿತವಾಗಿ ಯಾರು ಹೇಳಿದರು? ಮರಿಗಳಲ್ಲಿ ಗುರುತು ಹಿಡಿಯುವುದು ಕಷ್ಟ. ಬಕೆಟ್‌ಗೆ ಗಾಳಿಯಾಡುವ ಮುಚ್ಚಳ ಹಾಕಿ, ಕೈ ಹಾಕದೆ ಅರಣ್ಯ ಇಲಾಖೆಗೆ ಫೋನ್ ಮಾಡಿ. ಬಿಡುವ ಕೆಲಸ ಅವರದ್ದು.