ನಿಮ್ಮ ಲೇಖನದಲ್ಲಿ ಕಾಣದೆ ಹೋದ ಆ ಒಂದು ನಿಮಿಷ

ಪ್ರಿಯ ಲೇಖಕರಿಗೆ,

ನಮಸ್ಕಾರ. ‘ಸೋತು ಗೆದ್ದ ಸಿಂಹದ ಮರಿಗಳು’ ಎಂಬ ನಿಮ್ಮ ಲೇಖನ ನನ್ನ ಮೇಜಿಗೆ ಬಂದು ಮೂರು ವಾರವಾಯಿತು. ಎರಡು ಸಲ ಓದಿದ್ದೇನೆ. ಎರಡನೆಯ ಸಲ ಪೆನ್ಸಿಲ್ ಹಿಡಿದು ಓದಿದೆ. ಈಗಿರುವ ರೂಪದಲ್ಲಿ ಅದನ್ನು ನಾನು ಪ್ರಕಟಿಸಲಾರೆ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಒಪ್ಪಿಗೆಯೋ ನಿರಾಕರಣೆಯೋ ಎಂದು ಸಾಲು ಸಾಲಿನಲ್ಲೂ ಹುಡುಕುತ್ತಾ ನೀವು ಈ ಪತ್ರವನ್ನು ಓದುವುದು ಬೇಡ. ಆದರೆ ನೀವು ಇದನ್ನು ಮತ್ತೆ ಬರೆಯಬೇಕು ಎಂಬುದು ನನ್ನ ಆಸೆ. ಹಾಗಾಗಿಯೇ ಉತ್ತರ ಉದ್ದವಾಗುತ್ತಿದೆ.

2017ರ ಅಕ್ಟೋಬರ್‌ನಲ್ಲಿ ನಮ್ಮ ದೇಶದಲ್ಲಿ ನಡೆದ 17 ವರ್ಷದೊಳಗಿನವರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಆಡಿದ ಭಾರತ ತಂಡ ನಿಮ್ಮ ವಿಷಯ. ಒಳ್ಳೆಯ ವಿಷಯ. ಫಿಫಾದ ಯಾವುದೇ ವಿಶ್ವಕಪ್‌ನಲ್ಲಿ ಭಾರತ ಆಡಿದ್ದು ಅದೇ ಮೊದಲು. ಕನ್ನಡದಲ್ಲಿ ಅದರ ಬಗ್ಗೆ ಅಂದಿನ ವರದಿಗಳಾಚೆಗೆ ನಿಧಾನವಾಗಿ ಕೂತು ಬರೆದವರು ಕಡಿಮೆ. ಹನ್ನೊಂದು ಪುಟ ಬರೆದಿದ್ದೀರಿ. ಅದರಲ್ಲಿ ‘ಕೆಚ್ಚೆದೆ’ ಎಂಬ ಪದ ಒಂಬತ್ತು ಸಲ, ‘ತ್ರಿವರ್ಣ’ ಏಳು ಸಲ, ‘ಇತಿಹಾಸ ನಿರ್ಮಿಸಿದರು’ ಆರು ಸಲ ಬಂದಿವೆ. ಆ ತಂಡ ಹೊಡೆದ ಒಂದೇ ಒಂದು ಗೋಲಿಗೆ ನೀವು ಕೊಟ್ಟಿರುವುದು ಒಂದು ವಾಕ್ಯ: ‘ಜಾಕ್ಸನ್ ಎಂಬ ವೀರನ ತಲೆಯಿಂದ ಚಿಮ್ಮಿದ ಚೆಂಡು ಕೋಟ್ಯಂತರ ಭಾರತೀಯರ ಕನಸನ್ನು ನನಸಾಗಿಸಿತು.’

ನನ್ನ ತಕರಾರೆಲ್ಲ ಈ ವಾಕ್ಯದ ಜೊತೆಗೆ.

ಮೊದಲಿಗೆ ಹೆಸರು. ಅವರು ಜೀಕ್ಸನ್ ಸಿಂಗ್. ನಿಮ್ಮ ಲೇಖನದಲ್ಲಿ ಅವರು ಜಾಕ್ಸನ್, ಜೆಕ್ಸನ್, ಜಾಕ್‌ಸನ್ ಎಂದು ಮೂರು ರೂಪ ತಾಳಿದ್ದಾರೆ. ಮಣಿಪುರದ ಥೌಬಾಲ್ ಜಿಲ್ಲೆಯ ಹುಡುಗ. ನಾಯಕ ಅಮರ್ಜಿತ್ ಸಿಂಗ್ ಅವರ ಸೋದರಸಂಬಂಧಿ. ಒಂದೇ ಕುಟುಂಬದ ಇಬ್ಬರು ಹುಡುಗರು ದೇಶದ ತಂಡದಲ್ಲಿ ಒಟ್ಟಿಗೆ ಆಡುತ್ತಿದ್ದರು ಎಂಬ ವಿಷಯವೇ ನಿಮ್ಮಲ್ಲಿಲ್ಲ. ಬದಲಿಗೆ ‘ಈಶಾನ್ಯದ ಹುಡುಗರು’ ಎಂದು ಎಲ್ಲರನ್ನೂ ಒಂದೇ ಗೋಣಿಚೀಲಕ್ಕೆ ತುಂಬಿದ್ದೀರಿ. 21 ಮಂದಿಯ ತಂಡದಲ್ಲಿ ಎಂಟು ಮಂದಿ ಮಣಿಪುರದವರು. ಕೋಮಲ್ ಥಟಾಲ್ ಸಿಕ್ಕಿಮ್‌ನವರು. ಬೆಳಗಾವಿಯ ಹುಡುಗನನ್ನೂ ಕನ್ಯಾಕುಮಾರಿಯ ಹುಡುಗನನ್ನೂ ಸೇರಿಸಿ ಯಾರಾದರೂ ‘ದಕ್ಷಿಣದ ಹುಡುಗರು’ ಎಂದು ಬರೆದರೆ ನಿಮಗೂ ನನಗೂ ಹೇಗನಿಸುತ್ತದೆ? ಊರಿನ ಹೆಸರು ಹಾಕಿ, ಮನುಷ್ಯ ಕಾಣಿಸುತ್ತಾನೆ.

ಇನ್ನು ಆ ಗೋಲು. ಅಕ್ಟೋಬರ್ 9, ಸೋಮವಾರ ರಾತ್ರಿ, ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣ, ಎದುರಾಳಿ ಕೊಲಂಬಿಯಾ. ನಮ್ಮದು ಮೂರು ದಿನ ಮೊದಲು ಅಮೆರಿಕದ ಎದುರು ಮೂರು ಗೋಲು ತಿಂದಿದ್ದ ತಂಡ. ಈ ಪಂದ್ಯದ ಮೊದಲಾರ್ಧ ಗೋಲಿಲ್ಲದೆ ಮುಗಿಯಿತು. ಕೇರಳದ ಕೆ.ಪಿ. ರಾಹುಲ್ ಒದ್ದ ಚೆಂಡು ಗೋಲುಕಂಬಕ್ಕೆ ಬಡಿದು ಹಿಂದಿರುಗಿತು. ವಿರಾಮದ ನಂತರ, 49ನೇ ನಿಮಿಷದಲ್ಲಿ ಹುವಾನ್ ಪೆನ್ಯಲೋಜಾ ಕೊಲಂಬಿಯಾಕ್ಕೆ ಗೋಲು ತಂದರು. 82ನೇ ನಿಮಿಷದಲ್ಲಿ ಭಾರತಕ್ಕೆ ಕಾರ್ನರ್ ಕಿಕ್ ಸಿಕ್ಕಿತು. ಒದ್ದವರು ಸಂಜೀವ್ ಸ್ಟಾಲಿನ್, ಬೆಂಗಳೂರಿನವರು. ಜೀಕ್ಸನ್ ಎದ್ದು ತಲೆ ಕೊಟ್ಟರು. 1–1. ಇಬ್ಬರಿಗೂ ಆಗ 16 ವರ್ಷ.

83ನೇ ನಿಮಿಷದಲ್ಲಿ ಪೆನ್ಯಲೋಜಾ ಮತ್ತೆ ಗೋಲು ಹೊಡೆದರು. 1–2. ಪಂದ್ಯ ಹಾಗೆಯೇ ಮುಗಿಯಿತು.

ನಿಮ್ಮ ಹನ್ನೊಂದು ಪುಟಗಳಲ್ಲಿ ಈ ಎರಡನೆಯ ಗೋಲು ಎಲ್ಲಿದೆ ಎಂದು ನಾನು ಹುಡುಕಿದೆ. ಏಳನೇ ಪುಟದಲ್ಲಿ ‘ದುರದೃಷ್ಟವಶಾತ್ ಪಂದ್ಯ ಕೈತಪ್ಪಿತು’ ಎಂದಿದೆ. ದುರದೃಷ್ಟ ಎಂಬ ಪದವನ್ನು ದಯವಿಟ್ಟು ಹೊಡೆದುಹಾಕಿ. ಅಲ್ಲಿ ಏನೋ ನಡೆಯಿತು, ಅದಕ್ಕೆ ಕಾರಣವಿದೆ. ಕಾರಣ ಹುಡುಕುವ ಶ್ರಮವನ್ನು ತಪ್ಪಿಸಿಕೊಳ್ಳಲು ಬರಹಗಾರ ದುರದೃಷ್ಟದ ಮೊರೆ ಹೋಗಬಾರದು.

ಆ ರಾತ್ರಿ ನಾನು ಪತ್ರಿಕೆಯೊಂದರಲ್ಲಿ ಕ್ರೀಡಾ ಪುಟ ಕಟ್ಟುತ್ತಿದ್ದೆ. ಗೋಲು ಬಿದ್ದಾಗ ಕಚೇರಿಯಲ್ಲಿ ಎಲ್ಲರೂ ಎದ್ದು ನಿಂತೆವು. ‘ಭಾರತದ ಮೊದಲ ಗೋಲು, ಪಂದ್ಯ ಸಮಬಲ’ ಎಂದು ಶೀರ್ಷಿಕೆ ಟೈಪ್ ಮಾಡಲು ಕುಳಿತೆ. ತಲೆ ಎತ್ತುವಷ್ಟರಲ್ಲಿ ಟಿ.ವಿ. ಪರದೆಯ ಮೂಲೆಯಲ್ಲಿ 1–2 ಎಂದಿತ್ತು. ಆ ಕ್ಷಣ ಹೊಟ್ಟೆಯೊಳಗೆ ಏನಾಯಿತು ಎಂಬುದು ಇಂದಿಗೂ ನೆನಪಿದೆ. ಆದರೆ ನಾನು ಫುಟ್‌ಬಾಲ್ ಆಡಿದವನಲ್ಲ. ಮೈದಾನದ ಒಳಗಿನಿಂದ ಆ ನಿಮಿಷ ಹೇಗಿರುತ್ತದೆ ಎಂದು ಬರೆಯುವ ಯೋಗ್ಯತೆ ನನಗಿಲ್ಲ.

ನಿಮಗಿದೆ. ಅದು ನನಗೆ ತಿಳಿದದ್ದು ಲೇಖನದಿಂದಲ್ಲ, ಜೊತೆಗಿದ್ದ ಪತ್ರದಿಂದ. ‘ನಾನು ಪದವಿಪೂರ್ವ ಕಾಲೇಜಿನಲ್ಲಿದ್ದಾಗ ಎರಡು ವರ್ಷ ಜಿಲ್ಲಾ ತಂಡಕ್ಕೆ ಎಡಬದಿಯ ಡಿಫೆಂಡರ್ ಆಗಿ ಆಡಿದ್ದೇನೆ, ಕಾರ್ನರ್‌ಗಳನ್ನೂ ನಾನೇ ಒದೆಯುತ್ತಿದ್ದೆ’ ಎಂದು ಪರಿಚಯದ ಸಾಲಿನಲ್ಲಿ ಬರೆದಿದ್ದೀರಿ. ಓದಿ ಬೆರಗಾದೆ. ಸಂಜೀವ್ ಸ್ಟಾಲಿನ್ ಆಡುತ್ತಿದ್ದದ್ದೂ ಎಡಬದಿಯ ಡಿಫೆನ್ಸ್‌ನಲ್ಲೇ! ಅವರು ನಿಂತ ಜಾಗದಲ್ಲಿ ನೀವೂ ನಿಂತಿದ್ದೀರಿ. ಹಾಗಿದ್ದೂ ಆ ಮನುಷ್ಯನನ್ನು ಮನೆಯಲ್ಲೇ ಬಿಟ್ಟು, ಭಾಷಣಕಾರನೊಬ್ಬನನ್ನು ಲೇಖನ ಬರೆಯಲು ಕೂರಿಸಿದ್ದೀರಿ.

ಪಂದ್ಯದ ದೃಶ್ಯಗಳನ್ನು ಮತ್ತೆ ನೋಡಿ. ಇಪ್ಪತ್ತು ಸಲ ನೋಡಿ. ಕಾರ್ನರ್ ಬಂದದ್ದು ಯಾವ ಕಡೆಯಿಂದ? ಚೆಂಡು ಒಳಕ್ಕೆ ತಿರುಗಿತೋ ಹೊರಕ್ಕೋ? ಜೀಕ್ಸನ್ ಎಲ್ಲಿಂದ ಓಡಿ ಬಂದರು, ಅವರನ್ನು ಕಾಯಬೇಕಿದ್ದವನು ಯಾರು? ಆಮೇಲೆ ಮುಖ್ಯವಾದ ಪ್ರಶ್ನೆ. ಎಡಬದಿಯ ಡಿಫೆಂಡರ್ ಕಾರ್ನರ್ ಒದೆಯಲು ಹೋದನೆಂದರೆ, ತಾನು ಕಾಯಬೇಕಾದ ಜಾಗದಿಂದ ಮೈದಾನದ ಇನ್ನೊಂದು ತುದಿಯಲ್ಲಿರುತ್ತಾನೆ. ಗೋಲು ಬಿತ್ತು, ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ಅಪ್ಪಿಕೊಂಡರು, ಕ್ರೀಡಾಂಗಣ ಕೂಗುತ್ತಿದೆ. ಅಲ್ಲಿಂದ ಅವನು ಹಿಂದಿರುಗಿ ಓಡಬೇಕು. 82 ನಿಮಿಷ ಆಡಿದ ಕಾಲು. ಆ ಹೊತ್ತಿಗೆ ತೊಡೆ ಹೇಗಿರುತ್ತದೆ, ಬಾಯಿ ಹೇಗೆ ಒಣಗಿರುತ್ತದೆ, ‘ಜಾಗಕ್ಕೆ ಹೋಗು’ ಎಂದು ಗೋಲ್‌ಕೀಪರ್ ಕೂಗಿದ್ದು ಕೇಳಿಸುತ್ತದೆಯೇ, ಕೇಳಿಸಿದರೂ ತಲೆಗೆ ಇಳಿಯುತ್ತದೆಯೇ? ಇದನ್ನು ನೀವು ಬರೆಯಬೇಕು. ಗೋಲು ಹೊಡೆದ ತಂಡ ಮುಂದಿನ ನಿಮಿಷದಲ್ಲೇ ಗೋಲು ಬಿಟ್ಟುಕೊಡುವುದು ಅನುಭವಿಗಳಿಗೂ ಆಗುತ್ತದೆ. ಆದರೆ 16 ವರ್ಷದವರಿಗೆ ಆ ಮರುನಿಮಿಷದಲ್ಲಿ ಮನಸ್ಸನ್ನು ಹಿಡಿದು ತರುವುದು ಇನ್ನೂ ಕಷ್ಟ. ಅದನ್ನು ಕಲಿಸುವುದು ದೊಡ್ಡ ಪಂದ್ಯಗಳು ಮಾತ್ರ. ಅಂಥ ಪಂದ್ಯ ನಮ್ಮ ಹುಡುಗರಿಗೆ ಎಷ್ಟು ಸಿಕ್ಕಿದ್ದವು ಎಂಬಲ್ಲಿಗೆ ನಿಮ್ಮ ಲೇಖನ ತಾನಾಗಿ ಬಂದು ನಿಲ್ಲುತ್ತದೆ.

ಇಲ್ಲಿ ಒಂದು ತಪ್ಪನ್ನು ತಿದ್ದಬೇಕು. ‘ಏಷ್ಯಾದ ಬಲಾಢ್ಯರನ್ನು ಮಣಿಸಿ ಅರ್ಹತೆ ಪಡೆದ ತಂಡ’ ಎಂದು ಎರಡನೇ ಪುಟದಲ್ಲಿದೆ. ಅಲ್ಲ. ಆತಿಥೇಯ ದೇಶವೆಂಬ ಕಾರಣಕ್ಕೆ ಭಾರತಕ್ಕೆ ಸ್ಥಾನ ಸಿಕ್ಕಿತು. 2013ರ ಡಿಸೆಂಬರ್‌ನಲ್ಲಿ ಫಿಫಾ ಆತಿಥ್ಯವನ್ನು ಭಾರತಕ್ಕೆ ಕೊಟ್ಟಾಗ ಈ ಹುಡುಗರಿಗೆ 12–13 ವರ್ಷ. ಆಮೇಲೆ ಶಿಬಿರಗಳು, ವಿದೇಶ ಪ್ರವಾಸಗಳು ನಡೆದವು. ಜರ್ಮನಿಯ ಕೋಚ್ ನಿಕೊಲಾಯ್ ಆಡಮ್ ಹೋಗಿ, ವಿಶ್ವಕಪ್ ವರ್ಷದಲ್ಲೇ ಪೋರ್ಚುಗಲ್‌ನ ಲೂಯಿಸ್ ನಾರ್ಟನ್ ಡಿ ಮಾಟೋಸ್ ಬಂದರು. ಜೀಕ್ಸನ್ ತಂಡ ಸೇರಿದ್ದು ಕೋಚ್ ಬದಲಾದ ನಂತರ. ಕೋಚ್ ಬದಲಾಗದಿದ್ದರೆ ಆ ಗೋಲು ಇರುತ್ತಿತ್ತೇ? ಇಂಥ ಪ್ರಶ್ನೆ ನನ್ನನ್ನು ಪುಟ ತಿರುಗಿಸುವಂತೆ ಮಾಡುತ್ತದೆ. ‘ಸಿಂಹದ ಮರಿಗಳು’ ಮಾಡುವುದಿಲ್ಲ. ಆತಿಥೇಯರಾಗಿ ಆಡಿದ್ದು ಅವಮಾನವೇನಲ್ಲ, ಮುಚ್ಚಿಡಬೇಡಿ.

ಇನ್ನೊಂದು ತಪ್ಪು ನನಗೆ ಹೆಚ್ಚು ನೋವು ಕೊಟ್ಟಿತು. ‘ಭಾರತದ ಯುವ ಫುಟ್‌ಬಾಲ್‌ಗೆ ಹಿಂದೆ ಚರಿತ್ರೆಯಿಲ್ಲ, ಮುಂದೆ ದಾರಿಯಿಲ್ಲ’ ಎಂದು ಲೇಖನ ಮುಗಿಸಿದ್ದೀರಿ. ಓದಲು ಚೆನ್ನಾಗಿದೆ, ಸುಳ್ಳು. 1974ರಲ್ಲಿ ಬ್ಯಾಂಕಾಕ್‌ನಲ್ಲಿ ನಡೆದ ಏಷ್ಯನ್ ಯುವ ಚಾಂಪಿಯನ್‌ಷಿಪ್‌ನಲ್ಲಿ ಶಬ್ಬೀರ್ ಅಲಿ ನಾಯಕತ್ವದ ಭಾರತ, ಫೈನಲ್‌ನಲ್ಲಿ ಇರಾನ್ ಜೊತೆ 2–2 ಸಮ ಮಾಡಿಕೊಂಡು ಪ್ರಶಸ್ತಿ ಹಂಚಿಕೊಂಡಿತು. ಹಿಂದೆ ಚರಿತ್ರೆಯಿದೆ. ಮುಂದಿನದನ್ನೂ ನೋಡಿ. 2018ರಲ್ಲಿ ಮಲೇಷ್ಯಾದಲ್ಲಿ ನಡೆದ 16 ವರ್ಷದೊಳಗಿನವರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಬಿಬಿಯಾನೊ ಫರ್ನಾಂಡಿಸ್ ಅವರ ತರಬೇತಿಯ ಹುಡುಗರು ವಿಯೆಟ್ನಾಂ ವಿರುದ್ಧ ಗೆದ್ದು, ಇರಾನ್ ಮತ್ತು ಇಂಡೋನೇಷ್ಯಾ ಜೊತೆ ಗೋಲಿಲ್ಲದ ಡ್ರಾ ಮಾಡಿಕೊಂಡು ಕ್ವಾರ್ಟರ್‌ಫೈನಲ್ ತಲುಪಿದರು. ಅಲ್ಲಿ ಗೆದ್ದಿದ್ದರೆ ವಿಶ್ವಕಪ್, ಈ ಬಾರಿ ಯಾರ ಆತಿಥ್ಯದ ಹಂಗೂ ಇಲ್ಲದೆ. ದಕ್ಷಿಣ ಕೊರಿಯಾ ಎದುರು 0–1ರಿಂದ ಸೋತರು. ಗುಂಪಿನ ಹಂತದಲ್ಲಿ ಒಂದೂ ಗೋಲು ಬಿಟ್ಟುಕೊಡದ ಹುಡುಗರು ಕೊನೆಗೆ ಬಿಟ್ಟುಕೊಟ್ಟ ಆ ಒಂದು ಗೋಲಿನ ಬಗ್ಗೆ ಕನ್ನಡದಲ್ಲಿ ಒಂದು ಒಳ್ಳೆಯ ಲೇಖನ ಬರಬೇಕಿತ್ತು. ಇನ್ನೂ ಬರಬಹುದು.

ಕ್ರಿಕೆಟ್ ಬೈದಿರುವ ಎರಡೂವರೆ ಪುಟಗಳನ್ನು ಪೂರ್ತಿ ತೆಗೆದುಬಿಡಿ. ಆ ವಿಶ್ವಕಪ್‌ಗೆ ಆರು ಊರುಗಳಲ್ಲಿ ಒಟ್ಟು 13 ಲಕ್ಷಕ್ಕೂ ಹೆಚ್ಚು ಮಂದಿ ಬಂದು ಕೂತಿದ್ದರು, 17 ವರ್ಷದೊಳಗಿನವರ ವಿಶ್ವಕಪ್‌ಗೆ ಅದು ದಾಖಲೆ. ಜನ ಬರಲಿಲ್ಲ ಎಂಬ ನಿಮ್ಮ ದೂರಿಗೆ ಆಧಾರವಿಲ್ಲ.

ಆಟಗಾರರ ಮನೆಯ ಬಡತನದ ವಿಚಾರ. ನಾಲ್ವರು ತಾಯಂದಿರ ಕಣ್ಣೀರು ನಿಮ್ಮ ಲೇಖನದಲ್ಲಿದೆ, ನಾಲ್ಕೂ ಒಂದೇ ಬಗೆಯಲ್ಲಿ ಸುರಿದಿದೆ. ಈ ವಿವರಗಳನ್ನು ನೀವು ಆಗಿನ ಪತ್ರಿಕೆಗಳಿಂದ ಎತ್ತಿಕೊಂಡಿದ್ದೀರಿ. ಆ ತಾಯಂದಿರ ಜೊತೆ ಮಾತಾಡಿಲ್ಲ. ಮಾತಾಡದೆ ಅವರ ಕಣ್ಣೀರು ಬರೆಯುವ ಹಕ್ಕು ನಿಮಗೂ ಇಲ್ಲ, ಅಚ್ಚು ಹಾಕುವ ಹಕ್ಕು ನನಗೂ ಇಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಅದರ ಬದಲು ಹುಡುಗರು ಏನಾದರು ಎಂಬುದನ್ನು ಹೇಳಿ. ಅದು ದಾಖಲಾದ ಸಂಗತಿ. ಸುರೇಶ್ ಸಿಂಗ್ ಬೆಂಗಳೂರು ಎಫ್‌ಸಿಗೆ ಬಂದು ಇಲ್ಲೇ ಬೆಳೆದರು. ಪಂಜಾಬಿನ ಅನ್ವರ್ ಅಲಿಗೆ 2019ರಲ್ಲಿ ಹೃದಯದ ತೊಂದರೆ ಪತ್ತೆಯಾಗಿ ಆಟ ನಿಲ್ಲಿಸಬೇಕಾಯಿತು. ಅವರು ದೆಹಲಿ ಹೈಕೋರ್ಟ್ ಮೆಟ್ಟಿಲೇರಿದರು, ಮತ್ತೆ ಮೈದಾನಕ್ಕಿಳಿದರು, 2022ರಲ್ಲಿ ಹಿರಿಯರ ರಾಷ್ಟ್ರೀಯ ತಂಡಕ್ಕೆ ಆಡಿದರು. 2023ರ ಜುಲೈ 4ರಂದು ನಮ್ಮ ಕಂಠೀರವ ಕ್ರೀಡಾಂಗಣದಲ್ಲಿ ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಷಿಪ್ ಫೈನಲ್ ನಡೆದು ಭಾರತ ಕುವೈತ್ ವಿರುದ್ಧ ಪೆನಾಲ್ಟಿಯಲ್ಲಿ ಗೆದ್ದಾಗ, ಆ ತಂಡದಲ್ಲಿ ಅನ್ವರ್ ಇದ್ದರು, ಜೀಕ್ಸನ್ ಇದ್ದರು. ಜನಾಂಗೀಯ ಹಿಂಸೆಯಲ್ಲಿ ತಮ್ಮ ಮಣಿಪುರ ಹೊತ್ತಿ ಉರಿಯುತ್ತಿದ್ದ ಆ ದಿನಗಳಲ್ಲಿ ಜೀಕ್ಸನ್ ಮಣಿಪುರದ ಬಾವುಟ ಹೊದ್ದು ಪದಕ ಪಡೆಯಲು ನಿಂತಿದ್ದರು. 16ರ ಹರೆಯದಲ್ಲಿ ತಲೆಯಿಂದ ಗೋಲು ಹೊಡೆದ ಹುಡುಗ 22ಕ್ಕೆ ಬಂದಾಗ ಹೆಗಲ ಮೇಲೆ ಏನು ಹೊತ್ತಿದ್ದ ಎಂಬುದು ಕಣ್ಣೀರಿಗಿಂತ ದೊಡ್ಡ ಮಾತು.

ಭಾಷೆಯ ಬಗ್ಗೆ ಎರಡೇ ಮಾತು. ‘ಮೂಲೆಯೊದೆತ’, ‘ಶಿರಪ್ರಹಾರ’, ‘ಗೋಲುರಕ್ಷಕ’ ಬೇಡ. ನೀವು ಆಡುವಾಗ ‘ಕಾರ್ನರ್’, ‘ಹೆಡರ್’, ‘ಕೀಪರ್’ ಎಂದೇ ಕೂಗಿರುತ್ತೀರಿ. ಅದೇ ಪದಗಳನ್ನು ಬರೆಯಿರಿ, ಅವು ಕನ್ನಡವೇ. ಹಾಗೆಯೇ ಪಂದ್ಯ ನಡೆಯುತ್ತಿರುವ ಜಾಗದಲ್ಲಿ ವಾಕ್ಯ ಚಿಕ್ಕದಾಗಲಿ. ನಿಮ್ಮ ಐದನೇ ಪುಟದ ಮೊದಲ ವಾಕ್ಯದಲ್ಲಿ 61 ಪದಗಳಿವೆ. ಅಷ್ಟರಲ್ಲಿ ಕೊಲಂಬಿಯಾ ಇನ್ನೊಂದು ಗೋಲು ಹೊಡೆದಿರುತ್ತದೆ.

ಹತ್ತನೇ ಪುಟದ ಕೆಳಗೆ ಮಾತ್ರ ನಾನು ಪೆನ್ಸಿಲ್ ಇಟ್ಟಿಲ್ಲ. ಘಾನಾ ವಿರುದ್ಧ 0–4ರಿಂದ ಸೋತ ಮೇಲೆ ಹುಡುಗರು ಕೈ ಹಿಡಿದುಕೊಂಡು ಕ್ರೀಡಾಂಗಣದ ಸುತ್ತ ನಡೆದದ್ದನ್ನು ನೀವು ಹಾಸ್ಟೆಲ್‌ನ ಟಿ.ವಿ.ಯಲ್ಲಿ ನೋಡುತ್ತಾ, ತಿಳಿಯದೆಯೇ ನಿಮ್ಮ ಹಳೆಯ ಬೂಟಿನ ಲೇಸ್ ಕಟ್ಟಿ ಬಿಚ್ಚುತ್ತಿದ್ದಿರಿ ಎಂದು ಬರೆದಿದ್ದೀರಿ. ನಾಲ್ಕು ಸಾಲು. ಇಡೀ ಲೇಖನದಲ್ಲಿ ನಾನು ನಂಬಿದ ನಾಲ್ಕು ಸಾಲು ಅವೇ. ಆ ಬೂಟು ಹಾಕಿಕೊಂಡವರು ಬರೆಯಲಿ.

1,200 ಪದ ಸಾಕು. ಗುಂಪಿನ ಇತರ ಎರಡು ಪಂದ್ಯಗಳಿಗೆ ಒಂದೊಂದು ಪ್ಯಾರಾ ಕೊಡಿ, ಉಳಿದದ್ದೆಲ್ಲ ಕೊಲಂಬಿಯಾ ಪಂದ್ಯಕ್ಕಿರಲಿ. ಸಾಧ್ಯವಾದರೆ ಬೆಂಗಳೂರಿಗೆ ಬಂದಾಗ ಗೌತಮಪುರದ ಕಡೆ ಒಂದು ಸಂಜೆ ಹೋಗಿ, ಮಕ್ಕಳು ಆಡುವುದನ್ನು ನೋಡಿ. ಬೆಂಗಳೂರಿನ ಫುಟ್‌ಬಾಲ್ ಬೆಳೆದದ್ದು ಅಂಥ ಗಲ್ಲಿಗಳಲ್ಲಿ. ಯಾರಾದರೊಬ್ಬ ಹುಡುಗ ಕಾರ್ನರ್ ಒದ್ದ ಮೇಲೆ ತನ್ನ ಜಾಗಕ್ಕೆ ಹೇಗೆ ಹಿಂದಿರುಗುತ್ತಾನೆ ಎಂದು ಗಮನಿಸಿ. ಗುರುತು ಹಾಕಿದ ಹಸ್ತಪ್ರತಿಯನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಮುಂದಿನ ತಿಂಗಳ ಕೊನೆಯವರೆಗೆ ನಿಮಗಾಗಿ ನಾಲ್ಕು ಪುಟ ಖಾಲಿ ಇಟ್ಟಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ