ಥಾಯ್ಲೆಂಡಿನಲ್ಲಿ ಮದುವೆಗೆ ವರನೇ ಹೆಣ್ಣಿನ ಮನೆಗೆ ಹಣ ಕೊಡುತ್ತಾನಲ್ಲ, ಹಾಗಾದರೆ ಅಲ್ಲಿ ಹೆಣ್ಣಿಗೆ ಕಟ್ಟುಪಾಡು ಕಡಿಮೆಯೇ?

ಕಡಿಮೆಯೇನಲ್ಲ, ಬೇರೆ ಥರದ್ದು. ಸಂತೆ, ಅಂಗಡಿ, ಮನೆಯ ದುಡ್ಡು ಎಲ್ಲದರಲ್ಲೂ ಅಲ್ಲಿ ಹೆಂಗಸರ ಕೈಯೇ ಮುಂದು ಅನ್ನುವುದು ನಿಜ. ಆದರೆ ಗಂಡ ಆನೆಯ ಮುಂಗಾಲು, ಹೆಂಡತಿ ಹಿಂಗಾಲು ಅನ್ನುವ ಗಾದೆಯೂ ಅಲ್ಲಿನದೇ.

ಇದೆಲ್ಲದರ ಬೇರು ಹೆತ್ತವರ ಋಣದಲ್ಲಿದೆ. ಮಗನಿಗೆ ಅದನ್ನು ತೀರಿಸಲು ನೇರ ದಾರಿಯಿದೆ. 20 ತುಂಬಿದ ಮೇಲೆ, ಸಾಮಾನ್ಯವಾಗಿ ಮದುವೆಗೆ ಮುಂಚೆ, ಮಳೆಗಾಲದ ಮೂರು ತಿಂಗಳು ಭಿಕ್ಷುವಾದರೆ ಸಾಕು, ಪುಣ್ಯ ತಾಯಿಗೆ ಸೇರುತ್ತದೆ. ಈಗಂತೂ ಎರಡೇ ವಾರಕ್ಕೆ ಮುಗಿಸುವವರೂ ಇದ್ದಾರೆ. ಮಗಳಿಗೆ ಆ ಬಾಗಿಲೇ ಇಲ್ಲ. ಹೆಣ್ಣಿಗೆ ಭಿಕ್ಷುಗಳು ದೀಕ್ಷೆ ಕೊಡಬಾರದೆಂದು 1928ರಲ್ಲಿ ಅಲ್ಲಿನ ಬೌದ್ಧ ಸಂಘದ ಮುಖ್ಯಸ್ಥರಾದ ಸಂಘರಾಜರು ಆಜ್ಞೆ ಹೊರಡಿಸಿದರು. ಬಿಳಿ ಉಟ್ಟು, ತಲೆ ಬೋಳಿಸಿ, ಎಂಟು ಶೀಲ ಪಾಲಿಸುವ 'ಮೇಜೀ' ಆಗಬಹುದು, ಆದರೆ ಆಕೆ ಭಿಕ್ಷುಣಿಯಲ್ಲ. ಎಷ್ಟೋ ಕಡೆ ವಿಹಾರದ ಅಡುಗೆ, ಕಸ ಆಕೆಯ ಪಾಲಿಗೇ. ಧಮ್ಮನಂದಾ ಎಂಬ ಥಾಯ್ ಮಹಿಳೆ 2003ರಲ್ಲಿ ಪೂರ್ಣ ದೀಕ್ಷೆ ಪಡೆಯಲು ಶ್ರೀಲಂಕಾಕ್ಕೇ ಹೋಗಬೇಕಾಯಿತು.

ಹಾಗಾಗಿ ಮಗಳು ಋಣ ತೀರಿಸುವುದು ದುಡ್ಡಿನಲ್ಲಿ, ದುಡಿಮೆಯಲ್ಲಿ. ಈಶಾನ್ಯದ ಇಸಾನ್ ಸೀಮೆಯಿಂದ ಬ್ಯಾಂಕಾಕಿಗೆ ದುಡಿಯಲು ಹೋದ ಹುಡುಗಿ ಊರಿಗೆ ಹಣ ಕಳಿಸದಿದ್ದರೆ ಆಡಿಕೊಳ್ಳುತ್ತಾರೆ; ಅಣ್ಣ ಕಳಿಸದಿದ್ದರೆ ಅಷ್ಟೇನೂ ಮಾತಿಲ್ಲ. ಇಸಾನ್ ಮತ್ತು ಉತ್ತರದ ಹಳ್ಳಿಗಳಲ್ಲಿ ಮದುವೆಯಾದ ಗಂಡು ಹೆಂಡತಿಯ ಮನೆಗೆ ಬರುವುದು ಹಳೆಯ ರೂಢಿ. ಕೊನೆಯ ಮಗಳು ತೌರಿನಲ್ಲೇ ಉಳಿಯುತ್ತಾಳೆ. ಮನೆ ಅವಳಿಗೆ, ಅಪ್ಪ ಅಮ್ಮನ ಮುಪ್ಪಿನ ಚಾಕರಿಯೂ ಅವಳಿಗೇ.

ಇನ್ನು ನೀವು ಕೇಳಿದ ಹಣ. ಅದರ ಹೆಸರು 'ಸಿನ್‌ಸೋತ್', ನಮ್ಮಲ್ಲಿ ಹಿಂದೆ ಹೆಣ್ಣಿನ ಮನೆಗೆ ಕೊಡುತ್ತಿದ್ದ 'ತೆರ'ದ ಹಾಗೆ. ಮೊತ್ತವನ್ನು ಹಿರಿಯರು ಮೊದಲೇ ಮಾತಾಡಿರುತ್ತಾರೆ. ಹುಡುಗಿಯ ಓದು, ಕೆಲಸ, ಮನೆತನ ನೋಡಿ ಏರುತ್ತದೆ. ಮೊದಲೊಂದು ಮದುವೆಯಾಗಿದ್ದರೆ, ಮಗುವಿದ್ದರೆ ಇಳಿಯುತ್ತದೆ. ಈ ಹಣ ಹೆಣ್ಣಿಗೆ ಸಲ್ಲಿಸುವ 'ಗೌರವ' ಅನ್ನುವ ಮಾತಿನ ಬಣ್ಣ ಬಯಲಾಗುವುದು ಇಲ್ಲಿಯೇ. ಮದುವೆಯ ದಿನ ನೋಟು, ಚಿನ್ನವನ್ನು ಬಟ್ಟೆಯ ಮೇಲೆ ಹರಡಿ ಎಲ್ಲರೆದುರೇ ಎಣಿಸುತ್ತಾರೆ. ಮೇಲೆ ಅಕ್ಕಿ, ಎಳ್ಳು, ಕಾಳು ಉದುರಿಸುತ್ತಾರೆ. ಹುಡುಗಿಯ ತಾಯಿ ಅದನ್ನು ಗಂಟು ಕಟ್ಟಿ ಹೆಗಲಿಗೇರಿಸಿ, ಭಾರಕ್ಕೆ ಬಗ್ಗಿದವಳಂತೆ ನಟಿಸುತ್ತಾ ಒಳಗೊಯ್ಯುತ್ತಾಳೆ. ಚಿನ್ನದ ತೂಕಕ್ಕೂ 'ಬಾತ್' ಅನ್ನುತ್ತಾರೆ, ಒಡವೆಯಲ್ಲಿ ಒಂದು ಬಾತ್ ಅಂದರೆ 15.16 ಗ್ರಾಂ, ಕರೆನ್ಸಿ ಎಂದು ತಿಳಿದು ಲೆಕ್ಕ ಹಾಕಿದರೆ ಕೆಟ್ಟಿರಿ. ಪಟ್ಟಣದ ಅನುಕೂಲಸ್ಥರಲ್ಲಿ ಎಷ್ಟೋ ಜನ ಸಮಾರಂಭ ಮುಗಿದ ಮೇಲೆ ಪೂರ್ತಿ ಹಣವನ್ನು ದಂಪತಿಗೇ ಮರಳಿಸುತ್ತಾರೆ.

ಜಗಳವಾಗುವುದು ನಿಶ್ಚಿತಾರ್ಥದ ಚಿನ್ನವನ್ನೂ ಸಿನ್‌ಸೋತನ್ನೂ ಒಂದೇ ಎಂದುಕೊಂಡಾಗ. ಸಿವಿಲ್ ಸಂಹಿತೆಯ 1437ನೇ ಕಲಮಿನ ಪ್ರಕಾರ ಮೊದಲನೆಯದು ಹುಡುಗಿಯ ಸ್ವತ್ತು, ಎರಡನೆಯದು ಅವಳ ಹೆತ್ತವರದು. ಹುಡುಗಿಯ ಕಾರಣದಿಂದ ಮದುವೆ ನಡೆಯದೇ ಹೋದರೆ ಗಂಡು ಸಿನ್‌ಸೋತ್ ವಾಪಸು ಕೇಳಬಹುದು. ಗಂಡೇ ಕೈಕೊಟ್ಟರೆ ನಿಶ್ಚಿತಾರ್ಥದ ಚಿನ್ನವನ್ನು ಅವಳು ಮರಳಿಸಬೇಕಿಲ್ಲ.

ಮೆಲುದನಿ, ಹಿರಿಯರೆದುರು ಕಾಲು ಒಂದು ಬದಿಗೆ ಮಡಚಿ ಕೂರುವುದು, ಕೈರುಚಿ, ಮದುವೆವರೆಗೆ 'ಶುದ್ಧ'ವಾಗಿರುವುದು: ಕುಲೀನ ಹೆಣ್ಣಿನ ಈ ಪಟ್ಟಿ ನಮಗೆ ಹೊಸದೇನಲ್ಲ. ಗಂಡಸಿನ 'ಚಿಕ್ಕ ಹೆಂಡತಿ'ಗೆ ಮಾತ್ರ ಸಮಾಜ ಕಣ್ಣು ಮುಚ್ಚಿಕೊಂಡಿತು, ಕಾನೂನೂ ಬಹುಕಾಲ ಅದನ್ನೇ ಮಾಡಿತು. ಹೆಂಡತಿ ತಪ್ಪಿದರೆ ಅಷ್ಟಕ್ಕೇ ವಿಚ್ಛೇದನ. ಗಂಡ ತಪ್ಪಿದರೆ ಅವನು ಇನ್ನೊಬ್ಬಳನ್ನು ಹೆಂಡತಿಯಂತೆ ಸಾಕಿದ್ದಾನೆಂದು ತೋರಿಸಬೇಕಿತ್ತು. 2007ರಲ್ಲಿ ಇದು ಇಬ್ಬರಿಗೂ ಸಮವಾಯಿತು. ಗಂಡನ ಅಡ್ಡಹೆಸರು ಕಡ್ಡಾಯವೆಂಬ ನಿಯಮ 2003ರಲ್ಲಿ ಸಂವಿಧಾನ ನ್ಯಾಯಾಲಯದಲ್ಲಿ ಬಿತ್ತು.

ಸಂಬಂಧ ಬೆಳೆಸುವ ಯೋಚನೆ ನಿಮಗಿದ್ದರೆ ಒಂದು ವಿಷಯ: ಶಾಸ್ತ್ರೋಕ್ತ ಮದುವೆಗೆ ಕಾನೂನಿನ ಬೆಲೆಯಿಲ್ಲ. 'ಅಂಫೋ', ಅಂದರೆ ಜಿಲ್ಲಾ ಕಚೇರಿಯಲ್ಲಿ ನೋಂದಾಯಿಸಿದರೆ ಮಾತ್ರ ಮದುವೆಯ ನಂತರ ಗಳಿಸಿದ ಆಸ್ತಿಯಲ್ಲಿ ವಿಚ್ಛೇದನದ ವೇಳೆ ಅವಳಿಗೆ ಅರ್ಧ ಪಾಲು ಸಿಗುತ್ತದೆ.