ಗಂಡನಿಗೆ ವರ್ಗವಾಗಿಲ್ಲ, ಮನೆ ಯಾಕೆ ಖಾಲಿ?

ನೀವು ಅನುವಾದಿಸುತ್ತಿರುವ ದಿನಚರಿಯಲ್ಲಿ, ಗಂಡನಿಗೆ ವರ್ಗವಾಗದಿದ್ದರೂ ಲೆಫ್ಟಿನೆಂಟನ ಹೆಂಡತಿ ಮನೆ ಬಿಡುತ್ತಲೇ ಇರುತ್ತಾಳೆ, ಅನುವಾದ ತಪ್ಪಾಯಿತಾ ಅಂತ ಕೇಳಿದ್ದೀರಿ. ತಪ್ಪಿಲ್ಲ. 1870ರ ದಶಕದ ಅಮೆರಿಕದ ವ್ಯೋಮಿಂಗ್‌ನ ಸೈನ್ಯದ ಕೋಟೆಯಲ್ಲಿ ಆಕೆ ಪದೇ ಪದೇ ಮನೆ ಬಿಟ್ಟಿದ್ದಕ್ಕೆ ಕಾರಣ ಬಹುಶಃ ಅಧಿಕಾರಿಗಳ ದರ್ಜೆ. ಮೇಲಿನ ಅಧಿಕಾರಿ ಹೊಸದಾಗಿ ಬಂದರೆ ಕೆಳಗಿನವರ ಕ್ವಾರ್ಟರ್ಸ್ ಕೇಳಬಹುದಿತ್ತು, ಅವರು ತಮಗಿಂತ ಕೆಳಗಿನವರನ್ನು ಎಬ್ಬಿಸುತ್ತಿದ್ದರು, ಹೀಗೆ ಒಬ್ಬರು ಬಂದರೆ ಸಾಲಾಗಿ ಮನೆಗಳು ಖಾಲಿ. ಪಾಪ, ಬಟ್ಟೆ ಒಗೆಯುವ ಹೆಂಗಸರಿಗಾದರೂ ಸೈನ್ಯದ ರೇಷನ್ ಇತ್ತು, ಅಧಿಕಾರಿಯ ಹೆಂಡತಿಗೆ ನಿಯಮದಲ್ಲಿ ಜಾಗವೇ ಇರಲಿಲ್ಲ.

ಮೊದಲು, ಆಕೆ ಮನೆ ಬಿಟ್ಟ ತಾರೀಖಿನ ಹಿಂದಿನ ಪುಟಗಳಲ್ಲಿ ಕೋಟೆಗೆ ಯಾರು ಬಂದರು ನೋಡಿ. ಆಮೇಲೆ ಬಂದವರ ದರ್ಜೆಯನ್ನು ಗಂಡನ ದರ್ಜೆಗೆ ಹೋಲಿಸಿ. ಯಾರೂ ಬಂದಿಲ್ಲ ಅಂದ್ರೆ ಬೇರೆ ಕಾರಣ ಇರಬಹುದು, ಗಂಡ ದಂಡಯಾತ್ರೆಗೆ ಹೋಗಿದ್ದನಾ ಅಂತ ಹುಡುಕಿ. ಅನುವಾದದಲ್ಲಿ ‘ಹೊರದಬ್ಬಿದರು’ ಬೇಡ, ಜಗಳ ಅನ್ನಿಸುತ್ತದೆ ಅಲ್ವಾ? ‘ದರ್ಜೆಯ ಮೇಲೆ ಮನೆ ಬಿಡಿಸಿದರು’ ಅಂತ ಬರೆಯಿರಿ.